ಎರಡನೇ ಹುಟ್ಟು ಎಲ್ಲಿದೆ?

ಪರೀಕ್ಷೆಗೆ ಹೊರಡುವ ಮಕ್ಕಳಿಗೆ ಪ್ರತಿ ವರ್ಷ ನಾನು ಹೇಳುವ ಮಾತೊಂದಿದೆ. "ಎರಡು ಪೆನ್ನು ಇಟ್ಟುಕೊಳ್ಳಿ ಮಕ್ಕಳೇ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ." ಹಾಗೆ ಹೇಳುವ ನಾನೇ 2023ರ ಜನವರಿಯಲ್ಲಿ ಒಂದೇ ಹುಟ್ಟು ಹಿಡಿದು ನೀರಿಗಿಳಿದೆ!

ಹುಟ್ಟು ಅಂದರೆ ದೋಣಿಯ ಹುಟ್ಟು. ನಮ್ಮ ಕಾಸರಗೋಡಿನ ತರಗತಿಯಲ್ಲಿ ಈ ಶಬ್ದ ಬಂದರೆ ಮಕ್ಕಳಿಗೆ ಹುಟ್ಟುಹಬ್ಬದ ನೆನಪಾಗುತ್ತದೆ. ಮಲಯಾಳದ 'ತುಳ' ಅಂದರೇ ಅವರಿಗೆ ಬೇಗ ತಿಳಿಯುವುದು. ಇರಲಿ. ನಾನು ಹೇಳಹೊರಟಿರುವುದು ಕಯಾಕ್ ಎಂಬ ಸಪೂರ ದೋಣಿಯ ಬಗ್ಗೆ. ಕಡಲಿಗೆ ಒಯ್ಯುವ ಕಯಾಕ್ ಸುಮಾರು ಐದು ಮೀಟರ್ ಉದ್ದ ಇರುತ್ತದೆ, ಅಗಲ ಮಾತ್ರ ಅರುವತ್ತು ಸೆಂಟಿಮೀಟರಿನ ಆಸುಪಾಸು. ಎರಡೂ ತುದಿಗೆ ಹಲಗೆ ಇರುವ ಹುಟ್ಟೇ ಅದರ ಎಂಜಿನ್, ಅದೇ ಬ್ರೇಕು. ಅಲೆ ಬಂದು ದೋಣಿ ವಾಲಿದಾಗ ನೀರಿಗೆ ಊರುವ ಊರುಗೋಲೂ ಅದೇ.

ನಾವು ಹೋದದ್ದು ಜಿಲ್ಲೆಯ ದಕ್ಷಿಣ ತುದಿಯ ಕವ್ವಾಯಿ ಹಿನ್ನೀರಿಗೆ. ಐದು ದೋಣಿ, ಒಬ್ಬೊಬ್ಬರಿಗೆ ಒಂದೊಂದು. ವಲಿಯಪರಂಬದ ಹತ್ತಿರ ಬರುವಾಗ ಇಳಿತದ ಹೊತ್ತು. ನೀರೆಲ್ಲ ಅಳಿವೆಯ ಕಡೆಗೆ ಎಳೆಯುತ್ತಿತ್ತು. ಅಡ್ಡ ಅಲೆಯೊಂದಕ್ಕೆ ನಮ್ಮ ಶಾಲೆಯ ಟೀಚರೊಬ್ಬರ ದೋಣಿ ಮಗುಚಿತು. ಜಾಕೆಟ್ ಇತ್ತು, ಈಜು ಬರುತ್ತಿತ್ತು. ಇಬ್ಬರು ಸೇರಿ ಅವರನ್ನು ಮತ್ತೆ ದೋಣಿಗೆ ಹತ್ತಿಸಿದೆವು.

"ಟೀಚರ್, ಹುಟ್ಟೆಲ್ಲಿ?"

"ಹೋಯಿತು ಮಾಷ್ಟ್ರೇ..."

ಕರೆದುಕೊಂಡು ಹೋದವರಲ್ಲಿ ಇನ್ನೊಂದು ಹುಟ್ಟು ಇತ್ತು, ಇಲ್ಲವೆಂದಲ್ಲ. ಐದು ದೋಣಿಗೆ ಒಂದು. ಅದೂ ಎಲ್ಲಕ್ಕಿಂತ ಮುಂದಿದ್ದ ದೋಣಿಯ ಹಿಂಬದಿ ಮುಚ್ಚಳದ ಒಳಗೆ! ಅವರು ತಿರುಗಿ ಬಂದು, ನಾವು ದೋಣಿ ಹಿಡಿದುಕೊಂಡು, ಮುಚ್ಚಳ ತೆಗೆದರೆ ಅಲೆಯ ನೀರು ಒಳಗೆ ನುಗ್ಗಿತು. ಹೊರಗೆ ಬಂದ ಹುಟ್ಟು ಎರಡು ತುಂಡು. ಜೋಡಿಸುವ ಕಡೆ ಮರಳು ಕಚ್ಚಿಕೊಂಡು ಒಂದಕ್ಕೊಂದು ಸೇರಲೇ ಇಲ್ಲ. ಅಷ್ಟು ಹೊತ್ತೂ ಅಳಿವೆ ಹತ್ತಿರವಾಗುತ್ತಲೇ ಇತ್ತು. ಕೊನೆಗೆ ಹಗ್ಗ ಕಟ್ಟಿ ಎಳೆದು ದಡ ಸೇರಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಟೀಚರ್ ಮತ್ತೆ ದೋಣಿ ಹತ್ತಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕೈಗೆ ಸಿಗದ ಎರಡನೇ ಹುಟ್ಟು ಇಲ್ಲದ ಹುಟ್ಟಿಗೆ ಸಮ. ಪರೀಕ್ಷೆಯ ಕೋಣೆಯಲ್ಲಿ ಪೆನ್ನು ನಿಂತುಹೋದ ಮಗುವಿಗೆ "ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಒಂದು ಇದೆ, ಬೀಗದ ಕೈ ಅವರ ಹತ್ತಿರ" ಅಂದ ಹಾಗಾಯಿತು.

ಇದಕ್ಕೆ ಎದುರು ಮಾತುಗಳೂ ಇವೆ. "ಇಷ್ಟು ವರ್ಷ ಬೇಕಾಗಲೇ ಇಲ್ಲವಲ್ಲ" ಎನ್ನುತ್ತಾರೆ. ಬೇಕಾದ ದಿನ ಮೊದಲೇ ಹೇಳಿ ಬರುತ್ತದೆಯೇ? "ಹುಟ್ಟನ್ನು ದಾರದಿಂದ ದೋಣಿಗೆ ಕಟ್ಟಿದರೆ ಸಾಕು" ಎನ್ನುತ್ತಾರೆ. ಕೈತಪ್ಪಿದರೆ ಸಾಕು, ನಿಜ. ಮುರಿದರೆ? ಅಲೆ ಒಡೆಯುವಲ್ಲಿ ಅದೇ ದಾರ ಮೈಗೆ ಸುತ್ತಿಕೊಳ್ಳುವ ಅಪಾಯವೂ ಉಂಟು. "ಜೊತೆಯವರಲ್ಲಿ ಇದೆಯಲ್ಲ" ಎನ್ನುವವರಿಗೆ ನಮ್ಮ ಕತೆಯೇ ಉತ್ತರ. ಗಾಳಿ ಎದ್ದರೆ ಜೊತೆಯವರು ದೂರವಾಗಲು ಐದು ನಿಮಿಷ ಸಾಕು.

ಹುಟ್ಟು ದೋಣಿಯ ಮೇಲ್ಭಾಗದಲ್ಲೇ, ರಬ್ಬರ್ ಹಗ್ಗದ ಅಡಿಯಲ್ಲಿ ಇರಬೇಕು. ಮುಂದೆಯೋ ಹಿಂದೆಯೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಮುಂದಿದ್ದರೆ ಕಣ್ಣಿಗೆ ಕಾಣುತ್ತದೆ, ಆದರೆ ದೊಡ್ಡ ಅಲೆ ಕಿತ್ತುಕೊಂಡು ಹೋಗಬಹುದು. ಹಿಂದಿದ್ದರೆ ಅಲೆಯ ಏಟು ಕಡಿಮೆ, ತಿರುಗಿ ತಡಕಾಡಬೇಕು. ನನ್ನ ಪ್ರಕಾರ ಪರೀಕ್ಷೆ ಒಂದೇ: ಕಣ್ಣುಮುಚ್ಚಿ, ಒಂದೇ ಕೈಯಲ್ಲಿ ಎಳೆಯಲು ಬರುತ್ತದೆಯೇ? ಕಲಿತವರು ಮಗುಚಿದಾಗ ಅದರ ಅರ್ಧ ತುಂಡನ್ನೇ ಎಳೆದು, ನೀರೊಳಗಿಂದ ಬೀಸಿ ಎದ್ದು ಕೂರುತ್ತಾರೆ.

ಇನ್ನೊಂದು ಮಾತು. ಹಳೆಯದು, ಬಾಗಿದ್ದು, ಯಾರಿಗೂ ಬೇಡವಾದದ್ದನ್ನು ಎರಡನೇ ಹುಟ್ಟೆಂದು ಕಟ್ಟಿಕೊಳ್ಳುವ ಅಭ್ಯಾಸ ನಮ್ಮದು. ಅದು ಬೇಕಾಗುವುದು ಕಡಲು ಶಾಂತವಾಗಿರುವ ದಿನವಲ್ಲ, ಅತಿ ಕೆಟ್ಟ ದಿನ! ಹಲಗೆಗಳ ಓರೆ ಮೊದಲನೆಯದರಂತೆಯೇ ಇರಲಿ. ಜೋಡಿಸುವ ಜಾಗವನ್ನು ಸಿಹಿನೀರಲ್ಲಿ ತೊಳೆದಿಡಿ. ವರ್ಷಕ್ಕೆ ಎರಡು ಸಲವಾದರೂ ಅದರಲ್ಲೇ ಹುಟ್ಟುಹಾಕಿ ನೋಡಿ.

ಕಯಾಕ್ ಬಂದದ್ದು ಆರ್ಕ್‌ಟಿಕ್ ಪ್ರದೇಶದ ಬೇಟೆಗಾರರಿಂದ. ಹಿಮದಂಥ ನೀರಿನಲ್ಲಿ ಹುಟ್ಟು ಕಳೆದುಕೊಂಡರೆ ಜೀವವೇ ಹೋದಂತೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಗ್ರೀನ್‌ಲ್ಯಾಂಡಿನವರು ಈಟಿ ಎಸೆಯುವ ಪುಟ್ಟ ಕೋಲಿನಿಂದ, ಕೊನೆಗೆ ಬರಿಗೈಯಿಂದಲೂ ಮಗುಚಿದ ದೋಣಿಯನ್ನು ಎಬ್ಬಿಸುವುದನ್ನು ಕಲಿತರು. ಹುಟ್ಟಿನಲ್ಲಿ ಅಷ್ಟು ಪಳಗಿದವರೇ ಅದು ಇಲ್ಲದ ಗಳಿಗೆಗೆ ತಯಾರಾಗುತ್ತಿದ್ದರು. ರಜೆಯಲ್ಲಿ ಒಂದು ದಿನ ನೀರಿಗಿಳಿಯುವ ನಮಗೆ ಮಾತ್ರ ಯಾಕೆ ಇಷ್ಟು ಧೈರ್ಯ?

ಮುಂದಿನ ಸಲ ಯಾರಾದರೂ ನಿಮ್ಮನ್ನೋ ನಿಮ್ಮ ಮಕ್ಕಳನ್ನೋ ಕಯಾಕಿನಲ್ಲಿ ಕಡಲಿಗೆ ಕರೆದರೆ ಜಾಕೆಟ್ ಇದೆಯೇ ಎಂದು ಕೇಳಿ. ಅದರ ಬೆನ್ನಿಗೇ ಇದನ್ನೂ ಕೇಳಿ: ಎರಡನೇ ಹುಟ್ಟು ಎಲ್ಲಿದೆ? "ಇದೆ" ಅಂದರೆ ಸಾಲದು, ಕೈಯಲ್ಲಿ ಮುಟ್ಟಿ ನೋಡಿ.