ಬಾಗಿಲ ಕಾವಲು ಸಂಘದ ಹೊಣೆ



ಅಡಿಕೆಯ ತೂಕ, ಮಾರಾಟದ ಪಟ್ಟಿ, ಕಾಫಿಯ ಮೇಲಿನ ಮುಂಗಡ, ಸಾಲದ ಬಾಕಿ ಇವುಗಳನ್ನೆಲ್ಲ ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ನೋಡುವ ಅನುಕೂಲವನ್ನು ಸಹಕಾರ ಸಂಘಗಳು ಒದಗಿಸತೊಡಗಿವೆ. ಇದು ಸ್ವಾಗತಾರ್ಹ. ಆದರೆ ಇಂಥ ವೆಬ್ ತಂತ್ರಾಂಶದ ಭದ್ರತೆಯ ಮಾತು ಬಂದಾಗಲೆಲ್ಲ ‘ಸದಸ್ಯರು ಗಟ್ಟಿಯಾದ ಪಾಸ್‌ವರ್ಡ್ ಇಟ್ಟುಕೊಳ್ಳಲಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲವೆಂಬುದು ನಮ್ಮ ಖಚಿತ ಅಭಿಪ್ರಾಯ.

ಪಾಸ್‌ವರ್ಡ್ ಸರಿಯೆಂದು ಕಂಡೊಡನೆ ಸರ್ವರ್ ನಮ್ಮ ಮೊಬೈಲಿಗೆ ಒಂದು ಗುರುತಿನ ಚೀಟಿ ಕೊಡುತ್ತದೆ. ಇದೇ ಸೆಷನ್ ಟೋಕನ್. ಆಮೇಲೆ ಸರ್ವರ್ ನೋಡುವುದು ಈ ಚೀಟಿಯನ್ನು ಮಾತ್ರ. ಚೀಟಿ ಯಾರ ಕೈಯಲ್ಲಿದೆಯೋ ಅವನೇ ಖಾತೆದಾರ! ತೆರೆದ ವೈಫೈಯಲ್ಲಿ ಇಂಥ ಚೀಟಿಗಳನ್ನು ಹಿಡಿದು, ಪಾಸ್‌ವರ್ಡ್ ತಿಳಿಯದೆಯೇ ಪರರ ಫೇಸ್‌ಬುಕ್ ಖಾತೆಯನ್ನು ಹೊಗಬಹುದೆಂದು 2010ರಲ್ಲಿ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ತೋರಿಸಿಕೊಟ್ಟಿತು. 2018ರ ಸೆಪ್ಟೆಂಬರಿನಲ್ಲಿ ಅದೇ ಫೇಸ್‌ಬುಕ್ಕಿನ ತಂತ್ರಾಂಶದ ದೋಷದಿಂದ ಸುಮಾರು 3 ಕೋಟಿ ಖಾತೆಗಳ ಟೋಕನ್‌ಗಳು ಕಳುವಾದ ಸಂಗತಿ ಬೆಳಕಿಗೆ ಬಂತು. ಆ ಖಾತೆದಾರರ ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿದ್ದರೇನು? ಕಂಪನಿಯೇ ದೋಷವನ್ನು ಸರಿಪಡಿಸಿ, ಸುಮಾರು 9 ಕೋಟಿ ಖಾತೆಗಳ ಟೋಕನ್ ರದ್ದುಮಾಡಬೇಕಾಯಿತು.

ಆದಕಾರಣ, ತಂತ್ರಾಂಶ ಮಾಡಿಕೊಡುವವರಿಂದ ಸಂಘಗಳು ಈ ನಾಲ್ಕು ಕೆಲಸಗಳನ್ನು ಹಟಹಿಡಿದು ಮಾಡಿಸಿಕೊಳ್ಳಬೇಕು.

ಒಂದು: ಪ್ರತಿ ಲಾಗಿನ್‌ಗೂ ಹೊಸ ಟೋಕನ್ ಹುಟ್ಟಬೇಕು. ಅದು ಎಚ್‌ಟಿಟಿಪಿಎಸ್ ಮೂಲಕವೇ ಸಾಗಬೇಕು.

ಎರಡು: ಲಾಗೌಟ್ ಒತ್ತಿದಾಗ ಟೋಕನ್ ಸರ್ವರಿನಲ್ಲಿಯೇ ರದ್ದಾಗಬೇಕು. ಮೊಬೈಲಿನ ತೆರೆಯಿಂದ ಮರೆಯಾದರೆ ಸಾಲದು. ನಮ್ಮ ಹಿರಿಯ ಸದಸ್ಯರು ನೆರೆಯವರ ಮೊಬೈಲಿನಲ್ಲಿಯೋ ಅಂಗಡಿಯ ಕಂಪ್ಯೂಟರಿನಲ್ಲಿಯೋ ಲೆಕ್ಕ ನೋಡುವುದುಂಟು.

ಮೂರು: ತಪ್ಪು ಪ್ರಯತ್ನಗಳಿಗೆ ಮಿತಿ ಬೇಕು. 4 ಅಂಕಿಯ ಓಟಿಪಿಗೆ ಇರುವ ಸಾಧ್ಯತೆಗಳು 10,000 ಮಾತ್ರ. ತಡೆಯಿಲ್ಲದಿದ್ದರೆ ಯಂತ್ರಕ್ಕೆ ಅದು ಅಲ್ಪ ಕೆಲಸ.

ನಾಲ್ಕು: ಪಾಸ್‌ವರ್ಡ್‌ಗಳನ್ನು ಇದ್ದಂತೆಯೇ ಬರೆದಿಡಬಾರದು. 2009ರಲ್ಲಿ ರಾಕ್‌ಯೂ ಕಂಪನಿ ಹಾಗೆ ಇಟ್ಟುಕೊಂಡಿದ್ದ 3.2 ಕೋಟಿ ಪಾಸ್‌ವರ್ಡ್‌ಗಳು ಒಮ್ಮೆಗೇ ಕಳ್ಳರ ಪಾಲಾದವು.

‘ನಮ್ಮಂಥ ಸಣ್ಣ ಸಂಘಕ್ಕೆ ಯಾರು ಕನ್ನ ಹಾಕುತ್ತಾರೆ?’ ಎಂದು ಕೆಲವರು ಕೇಳಬಹುದು. ಕನ್ನ ಹಾಕುವ ಯಂತ್ರ ಊರು ಕೇರಿ ವಿಚಾರಿಸಿಕೊಂಡು ಬರುವುದಿಲ್ಲ. ಸಿಕ್ಕ ಬಾಗಿಲನ್ನೆಲ್ಲ ತಳ್ಳಿ ನೋಡುತ್ತದೆ. ಖರ್ಚಿನ ಆಕ್ಷೇಪಣೆಯೂ ನಿಲ್ಲದು. ಬೀಗವಿಲ್ಲದ ಗೋದಾಮನ್ನು ಕಟ್ಟಿಕೊಟ್ಟ ಕಂಟ್ರಾಕ್ಟುದಾರನಿಗೆ ನಾವು ಪೂರ್ತಿ ಬಿಲ್ಲು ಕೊಡುತ್ತೇವೆಯೇ? ಇಲ್ಲಿಯೂ ಪರೀಕ್ಷೆ ಮುಗಿಯುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವುದೇ ಯುಕ್ತ.

ಸದಸ್ಯರೂ ಒಂದು ಪರೀಕ್ಷೆ ಮಾಡಬಹುದು. ಎರಡು ಮೊಬೈಲುಗಳಲ್ಲಿ ನಿಮ್ಮ ಖಾತೆಯನ್ನು ತೆರೆಯಿರಿ. ಒಂದರಲ್ಲಿ ಪಾಸ್‌ವರ್ಡ್ ಬದಲಿಸಿ, ಇನ್ನೊಂದರಲ್ಲಿ ಲೆಕ್ಕದ ಪುಟವನ್ನು ಹೊಸದಾಗಿ ತೆರೆದು ನೋಡಿ. ಅದು ಇನ್ನೂ ಲೆಕ್ಕ ತೋರಿಸುತ್ತಿದ್ದರೆ ಹಳೆಯ ಚೀಟಿ ಜೀವಂತವಾಗಿದೆಯೆಂದು ಅರ್ಥ. ಅಂಥ ಸಂಗತಿಯನ್ನು ಆಡಳಿತ ಮಂಡಳಿಗೆ ಲಿಖಿತವಾಗಿ ತಿಳಿಸಿ, ಮಹಾಸಭೆಯಲ್ಲಿ ಉತ್ತರ ಕೇಳಿ. ಕೇಳುವುದು ಸದಸ್ಯರ ಹಕ್ಕು, ಸರಿಪಡಿಸುವುದು ಸಂಘದ ಕರ್ತವ್ಯ.

— ಕಾರ್ಯದರ್ಶಿ