‘ಪರಿಯಾ’ ಅನ್ನೋ ಮುಂಚೆ...

ಮೊನ್ನೆ ಆಫೀಸಿನಲ್ಲಿ ಊಟ ಮಾಡ್ತಾ ಯಾವುದೋ ದೇಶದ ಮಾತು ಬಂತು. ‘ಅದೀಗ ಪರಿಯಾ ಸ್ಟೇಟ್ ಬಿಡ್ರೋ’ ಅಂದೆ. ಪಕ್ಕದಲ್ಲಿದ್ದ ತಮಿಳು ಗೆಳೆಯ ತುತ್ತು ಹಾಗೇ ಹಿಡಿದು, ‘ಅದು ನಮ್ಮ ಜಾತಿ ಹೆಸರು ಕಣೋ’ ಅಂದ. ನಾನು ತೆಪ್ಪಗಾದೆ.

ಇಂಗ್ಲಿಷಿನಲ್ಲಿ ಅದರರ್ಥ ಎಲ್ಲರೂ ದೂರವಿಟ್ಟವರು ಅಂತ. ಆದರೆ ಪದ ಹೋಗಿದ್ದು ತಮಿಳಿನ ‘ಪರೈಯರ್’ನಿಂದ. ‘ಪರೈ’ ಅಂದರೆ ಅಲ್ಲಿ ಒಂದು ಚರ್ಮವಾದ್ಯ. ಜಾತಿಯ ಹೆಸರು ಅದರಿಂದಲೇ ಬಂತು ಅಂತ ಹೇಳೋದುಂಟು. 1893ರಲ್ಲಿ ರೆಟ್ಟೈಮಲೈ ಶ್ರೀನಿವಾಸನ್ ತಾವು ಶುರು ಮಾಡಿದ ಪತ್ರಿಕೆಗೆ ‘ಪರೈಯನ್’ ಅಂತಲೇ ಹೆಸರಿಟ್ಟರು. ಅವರು ತಲೆಯೆತ್ತಿ ಹೇಳಿಕೊಂಡ ಹೆಸರನ್ನು ನಾವು ಬೈಗುಳದಂತೆ ಬಳಸೋದು ಯಾವ ನ್ಯಾಯ? ಡಿಕ್ಷನರಿಯಲ್ಲಿದೆ ಅನ್ನೋದು ಬರೀ ನೆಪ. ‘ಬಹಿಷ್ಕೃತ’ ಅಂದರೆ ಸಾಲದೇ?

ನಾನಂತೂ ಬಿಟ್ಟೆ. ನೀವೇನಂತೀರಿ?