ಮುಖ್ಯೋಪಾಧ್ಯಾಯರಿಗೆ ತಿಳಿಸಿದರೆ ಹೊಣೆ ಮುಗಿಯಿತೇ?

ಮೂರನೆಯ ತರಗತಿಯ ಓರ್ವ ಬಾಲಕಿಯನ್ನು ಊಹಿಸಿಕೊಳ್ಳಿ. ನಿನ್ನೆ ಮೊನ್ನೆಯವರೆಗೆ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದವಳು ಈಗ ಮೌನಿ. ಸಂಜೆ ಶಾಲಾ ವಾಹನ ಹತ್ತುವ ಹೊತ್ತಾದರೆ ಅಳುತ್ತಾಳೆ. ಒಂದು ದಿನ ಆಯಾಳ ಬಳಿ ಅರ್ಧ ವಾಕ್ಯದಲ್ಲಿ ಏನನ್ನೋ ಹೇಳುತ್ತಾಳೆ. ಆಯಾ ಅದನ್ನು ಶಿಕ್ಷಕಿಗೆ ತಿಳಿಸುತ್ತಾಳೆ. ಶಿಕ್ಷಕಿ ಮುಖ್ಯೋಪಾಧ್ಯಾಯರಿಗೆ ತಿಳಿಸುತ್ತಾರೆ. ಮುಖ್ಯೋಪಾಧ್ಯಾಯರು ಆಡಳಿತ ಮಂಡಳಿಯ ಕಾರ್ಯದರ್ಶಿಗೆ ತಿಳಿಸುತ್ತಾರೆ. ಕಾರ್ಯದರ್ಶಿ ಚಾಲಕನನ್ನು ಕರೆದು ಗದರಿಸುತ್ತಾರೆ, ಕೆಲಸದಿಂದ ಬಿಡಿಸುತ್ತಾರೆ. ಬಳಿಕ ಬಾಲಕಿಯ ಹೆತ್ತವರನ್ನು ಕರೆಸಿ, ಹೆಣ್ಣು ಮಗುವಿನ ಭವಿಷ್ಯವನ್ನು ನೆನಪಿಸಿ, ಚಹಾ ಕೊಟ್ಟು ಕಳುಹಿಸುತ್ತಾರೆ. ಅಲ್ಲಿಗೆ ಮುಗಿಯಿತು. ಮುಂದಿನ ತಿಂಗಳು ಅದೇ ಚಾಲಕ ಪಕ್ಕದ ಊರಿನ ಇನ್ನೊಂದು ಶಾಲೆಯ ವಾಹನ ಓಡಿಸುತ್ತಿರುತ್ತಾನೆ.

ಇದು ಕಲ್ಪಿತ ಚಿತ್ರ. ಆದರೆ ನಮ್ಮ ಯಾವ ಪಟ್ಟಣದ ಓದುಗರಿಗೂ ಇದು ಅಪರಿಚಿತವೆನಿಸದು. ಇಲ್ಲಿ ತಪ್ಪು ಮಾಡಿದವರು ಯಾರು ಎಂದು ಕೇಳಿದರೆ ನಾವು ಚಾಲಕನೆಡೆಗೆ ಬೆರಳು ತೋರಿಸುತ್ತೇವೆ. ದೇಶದ ಕಾನೂನು ಮಾತ್ರ ಅಷ್ಟಕ್ಕೆ ನಿಲ್ಲುವುದಿಲ್ಲ. ಅದು ಆಯಾಳನ್ನೂ ಶಿಕ್ಷಕಿಯನ್ನೂ ಮುಖ್ಯೋಪಾಧ್ಯಾಯರನ್ನೂ ಕಾರ್ಯದರ್ಶಿಯನ್ನೂ ಪ್ರಶ್ನಿಸುತ್ತದೆ: ನೀವು ಪೊಲೀಸರಿಗೇಕೆ ತಿಳಿಸಲಿಲ್ಲ?

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದಿರುವ ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ಅದನ್ನು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ಯಾವುದೇ ವ್ಯಕ್ತಿ ಎಂಬ ಮಾತನ್ನು ಗಮನಿಸಬೇಕು. ಅದರಲ್ಲಿ ಹುದ್ದೆಯ ತಾರತಮ್ಯವಿಲ್ಲ. ಮುಖ್ಯೋಪಾಧ್ಯಾಯರಿಗೆ ತಿಳಿಸಿದರೆ ಸಾಕೆಂದು ಆ ಕಾಯ್ದೆ ಎಲ್ಲಿಯೂ ಹೇಳಿಲ್ಲ. ತಿಳಿಸದವರಿಗೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ ಇವೆ. ತಮ್ಮ ಕೈಕೆಳಗಿನವರು ಎಸಗಿದ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ ಮತ್ತು ದಂಡವಿದೆ. ಹೇಳದೇ ಉಳಿದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ.

ಇದು ಬರೇ ಕಾಗದದ ಮೇಲಿನ ಎಚ್ಚರಿಕೆಯಲ್ಲ. 2014ರ ಜುಲೈಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರ ಆರು ವರ್ಷದ ಬಾಲಕಿಯ ಪ್ರಕರಣದಲ್ಲಿ ಹೆತ್ತವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಿದ್ದರು. ಅಂದು ಶಾಲೆಯ ಮುಖ್ಯಸ್ಥರ ಮೇಲೂ ಮಾಹಿತಿ ಮುಚ್ಚಿಟ್ಟ ಆರೋಪ ದಾಖಲಾಗಿತ್ತು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಶಾಲಾ ವಸತಿನಿಲಯವೊಂದರಲ್ಲಿ ಆದಿವಾಸಿ ಬಾಲಕಿಯರ ಮೇಲೆ ದೌರ್ಜನ್ಯ ನಡೆದಾಗ, ಅವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂಬ ಆರೋಪ ಬಂತು. ಅವರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟು ರದ್ದುಪಡಿಸಿತು. ಆದರೆ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನೇ ತಳ್ಳಿಹಾಕಿತು. ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧವೆಂದೂ, ಅದು ಬಹುತೇಕ ಸಂದರ್ಭಗಳಲ್ಲಿ ಅಪರಾಧಿಯನ್ನು ರಕ್ಷಿಸುವ ಪ್ರಯತ್ನವೇ ಆಗಿರುತ್ತದೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು.

ಹಾಗಿದ್ದರೂ ನಮ್ಮ ಸಂಸ್ಥೆಗಳಲ್ಲಿ ಬಾಯಿಗೆ ಬೀಗ ಬೀಳುವುದೇಕೆ? ಈ ಮೌನಕ್ಕೆ ನಾವು ಧರ್ಮದ ಹೆಸರಿನಲ್ಲೂ ಸಮುದಾಯದ ಹೆಸರಿನಲ್ಲೂ ಸಮರ್ಥನೆಗಳನ್ನು ಹುಡುಕಿಕೊಂಡಿದ್ದೇವೆ. ಮದ್ರಸದ ಚಾಪೆಯಲ್ಲೂ ಕಾಲೇಜಿನ ಬೆಂಚಿನಲ್ಲೂ ಕುಳಿತು ಕಲಿತವನಾಗಿ ನಾನು ಅವುಗಳನ್ನು ಪದೇ ಪದೇ ಕೇಳಿದ್ದೇನೆ.

ಮೊದಲನೆಯ ಸಮರ್ಥನೆ, ಸಹೋದರನ ತಪ್ಪನ್ನು ಮುಚ್ಚಿಡಬೇಕೆಂಬ ಪ್ರವಾದಿ(ಸ)ರ ಬೋಧನೆಯದ್ದು. ಬೋಧನೆ ನಿಜ. ಆದರೆ ಅದು ಯಾವ ತಪ್ಪಿನ ಬಗ್ಗೆ? ಓರ್ವನು ಎಡವಿ, ನಾಚಿ, ಅಲ್ಲಾಹನೆಡೆಗೆ ಮರಳಲು ಬಯಸುವ ವೈಯಕ್ತಿಕ ಪಾಪದ ಬಗ್ಗೆ. ಸಹೀಹ್ ಮುಸ್ಲಿಮ್‌ಗೆ ವ್ಯಾಖ್ಯಾನ ಬರೆದ ಇಮಾಮ್ ನವವಿ(ರ) ಇಲ್ಲಿ ಸ್ಪಷ್ಟ ಗೆರೆ ಎಳೆದಿದ್ದಾರೆ. ಜನರಿಗೆ ಕೇಡು ಮಾಡುವವನೆಂದು ತಿಳಿದುಬಂದವನ ವಿಷಯವನ್ನು ಮುಚ್ಚಿಡದೆ ಅಧಿಕಾರಸ್ಥರಿಗೆ ಮುಟ್ಟಿಸಬೇಕು, ಇಲ್ಲವಾದರೆ ಅವನ ಧೈರ್ಯ ಹೆಚ್ಚುತ್ತದೆ ಎಂಬುದು ಅವರ ನಿಲುವು. ಮಗುವಿನ ಮೇಲಿನ ದೌರ್ಜನ್ಯವು ಒಬ್ಬನ ಮತ್ತು ಅವನ ಪ್ರಭುವಿನ ನಡುವಿನ ವಿಷಯವಲ್ಲ. ಅದರಲ್ಲಿ ಮೂರನೆಯವರಿದ್ದಾರೆ. ಆ ಮೂರನೆಯವರಿಗೆ ಎಂಟು ವರ್ಷ ವಯಸ್ಸು.

ಎರಡನೆಯದು ಪರದೂಷಣೆಯ ಭಯ. ಸಾಬೀತಾಗದ ವಿಷಯವನ್ನು ಹೇಳಿದರೆ ಗೀಬತ್ ಆಗದೇ ಎಂದು ಕೇಳುವವರಿದ್ದಾರೆ. ಗೀಬತ್ ಆಗದ ಆರು ಸಂದರ್ಭಗಳನ್ನು ಅದೇ ಇಮಾಮ್ ನವವಿ ರಿಯಾದುಸ್ಸಾಲಿಹೀನ್‌ನಲ್ಲಿ ಪಟ್ಟಿ ಮಾಡಿದ್ದಾರೆ. ಅನ್ಯಾಯದ ವಿರುದ್ಧ ದೂರು ಸಲ್ಲಿಸುವುದೂ, ಕೇಡಿನ ಬಗ್ಗೆ ಇತರರನ್ನು ಎಚ್ಚರಿಸುವುದೂ ಅದರಲ್ಲಿವೆ. ಈ ಗ್ರಂಥ ನಮ್ಮ ಎಷ್ಟೋ ಮಸೀದಿಗಳಲ್ಲಿ ಓದಲ್ಪಡುತ್ತದೆ. ಆ ಅಧ್ಯಾಯವನ್ನು ಈ ಕಣ್ಣಿನಿಂದ ಓದಿದವರೆಷ್ಟು?

ಮೂರನೆಯದು ನಾಲ್ಕು ಸಾಕ್ಷಿಗಳ ಮಾತು. ಅದು ವ್ಯಭಿಚಾರದ ನಿಗದಿತ ಶಿಕ್ಷೆಗೆ ಸಂಬಂಧಿಸಿದ ಷರತ್ತು. ಮಗುವೊಂದರ ನೋವನ್ನು ತನಿಖಾಧಿಕಾರಿಗೆ ತಿಳಿಸುವುದಕ್ಕೆ ಅದನ್ನು ಷರತ್ತಾಗಿಸುವುದು ಶರೀಅತ್‌ಗೂ ಅನ್ಯಾಯ, ಮಗುವಿಗೂ ಅನ್ಯಾಯ. ನಿಮ್ಮ ತಂದೆ-ತಾಯಿ, ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಪಕ್ಷದಲ್ಲಿ ನಿಲ್ಲಬೇಕೆಂಬ ಆಜ್ಞೆಯಿರುವ ಅನ್ನಿಸಾ ಅಧ್ಯಾಯದ 135ನೇ ವಚನವು ಕಮಿಟಿಯ ಸದಸ್ಯರಿಗೆ ಅನ್ವಯಿಸುವುದಿಲ್ಲವೇ?

ಇನ್ನು ಸಮುದಾಯದ ಮರ್ಯಾದೆ. ಈ ಭಯವನ್ನು ಹಗುರವಾಗಿ ತಳ್ಳಿಹಾಕಲಾಗದು. ಆರೋಪಿ ಮುಸ್ಲಿಮನಾಗಿದ್ದರೆ ಅವನ ಧರ್ಮವನ್ನೇ ಶೀರ್ಷಿಕೆಯಾಗಿಸುವ ಮಾಧ್ಯಮಗಳಿವೆ. ಮದ್ರಸ ಎಂಬ ಪದ ಸಿಕ್ಕರೆ ವಾರಗಟ್ಟಲೆ ಚರ್ಚಿಸುವವರಿದ್ದಾರೆ. ಎಲ್ಲ ಧರ್ಮಗಳ ಸಂಸ್ಥೆಗಳಲ್ಲೂ ಇಂಥವು ನಡೆಯುತ್ತವೆ ಎಂಬುದೂ ಸತ್ಯವೇ. ಆದರೆ ಅದಕ್ಕಾಗಿ ನಾವು ತೆರುವ ಬೆಲೆಯೇನು? ನಮ್ಮದೇ ಮಗುವಿನ ಬಾಲ್ಯವನ್ನಲ್ಲವೇ? ಅಷ್ಟಕ್ಕೂ, ತಾನಾಗಿಯೇ ಮುಂದೆ ಬಂದು ದೂರು ನೀಡಿದ ಸಂಸ್ಥೆಯನ್ನು ದೂಷಿಸುವುದು ಕಷ್ಟ. ಮುಚ್ಚಿಟ್ಟು ಸಿಕ್ಕಿಬಿದ್ದ ಸಂಸ್ಥೆಯನ್ನು ಸಮರ್ಥಿಸುವುದು ಅಸಾಧ್ಯ.

ಅಪಾಯ ಹೊರಗಿನಿಂದ ಬರುತ್ತದೆಂಬ ನಮ್ಮ ನಂಬಿಕೆಯೂ ತಪ್ಪು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಶೇ. 53.22 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದನ್ನು ಹೇಳಿದ್ದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಮನೆಯೊಳಗೆ ಹೇಳಲಾಗದ ಮಗುವಿಗೆ ಉಳಿಯುವ ಬಾಗಿಲು ಶಾಲೆಯೊಂದೇ. ಆ ಬಾಗಿಲೂ ಮುಚ್ಚಿದರೆ ಮಗು ಎಲ್ಲಿಗೆ ಹೋಗಬೇಕು?

ಮದ್ರಸ ಮತ್ತು ಯತೀಮ್‌ಖಾನೆಗಳ ಕಮಿಟಿಗಳಿಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ ಮದ್ರಸಗಳಿಗೂ ವೇದ ಪಾಠಶಾಲೆಗಳಿಗೂ 2012ರ ತಿದ್ದುಪಡಿಯಲ್ಲಿ ವಿನಾಯಿತಿ ಸಿಕ್ಕಿದೆ. ಹಾಗಂತ, ಪೋಕ್ಸೋದಿಂದಲೂ ವಿನಾಯಿತಿಯಿದೆಯೆಂದು ಯಾರೂ ಭಾವಿಸಬಾರದು. ವಾಸ್ತವದಲ್ಲಿ ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದವರೋ ಸಿಬ್ಬಂದಿಯೋ ಅಲ್ಲಿನ ಮಗುವಿನ ಮೇಲೆ ಎಸಗುವ ಅಪರಾಧವನ್ನು ಆ ಕಾಯ್ದೆ ಇನ್ನಷ್ಟು ಘೋರವೆಂದು ಪರಿಗಣಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ. 2020ರ ಪೋಕ್ಸೋ ನಿಯಮಗಳು, ಮಕ್ಕಳೊಂದಿಗೆ ಒಡನಾಡುವ ಪ್ರತಿಯೊಬ್ಬ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸಬೇಕೆಂದೂ ಅವರಿಗೆ ತರಬೇತಿ ನೀಡಬೇಕೆಂದೂ ಹೇಳುತ್ತವೆ. ಉಸ್ತಾದರ ಸನದು ನೋಡುವ ನಾವು, ಚಾಲಕನ ಲೈಸೆನ್ಸ್ ನೋಡುವ ನಾವು, ಇದನ್ನೇಕೆ ನೋಡಬಾರದು? ಪ್ರಾಮಾಣಿಕರಾದ ಬಹುಪಾಲು ಉಸ್ತಾದರ ಗೌರವವನ್ನು ಕಾಪಾಡುವುದೂ ಇಂತಹ ಪರಿಶೀಲನೆಯೇ.

ಹಾಗಾದರೆ ಮಗು ಹೇಳಿದಾಗ ಏನು ಮಾಡಬೇಕು? ಮೊದಲು ನಂಬಿ ಆಲಿಸಬೇಕು. ಅದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಬಾರದು. ಯಾರಿಗೂ ಹೇಳುವುದಿಲ್ಲ ಎಂಬ ಭರವಸೆ ಕೊಡಬಾರದು, ಏಕೆಂದರೆ ಅದನ್ನು ಪಾಲಿಸಲಾಗದು. ಮಗು ಬಳಸಿದ ಮಾತುಗಳನ್ನೇ ದಿನಾಂಕ, ಸಮಯಸಹಿತ ಬರೆದಿಡಬೇಕು. ಆರೋಪಿಯನ್ನು ಕರೆಸಿ ವಿಚಾರಿಸಬಾರದು. ಪಂಚಾಯಿತಿ ಸೇರಿಸಬಾರದು. ತಡಮಾಡದೆ ಪೊಲೀಸರಿಗೆ ತಿಳಿಸಬೇಕು. ಹೇಗೆಂದು ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸಾಕ್ಷ್ಯ ಹುಡುಕುವುದು ಪೊಲೀಸರ ಕೆಲಸ, ತೀರ್ಪು ನ್ಯಾಯಾಲಯದ ಕೆಲಸ. ಸದುದ್ದೇಶದಿಂದ ಮಾಹಿತಿ ನೀಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲವೆಂದು ಕಾಯ್ದೆಯೇ ಅಭಯ ನೀಡಿದೆ. ದ್ವೇಷದಿಂದ ಸುಳ್ಳು ದೂರು ಕೊಡುವವರಿಗೆ ಮಾತ್ರ ಶಿಕ್ಷೆಯಿದೆ. ಮಗುವನ್ನು ಠಾಣೆಗೆ ಅಲೆಸುತ್ತಾರೆಂಬ ಭಯವೂ ಬೇಡ. ಮಗುವಿನ ಮನೆಯಲ್ಲೇ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಹೇಳಿಕೆ ಪಡೆಯಬೇಕೆಂಬ ನಿಯಮವಿದೆ. ಹಾಗೆ ನಡೆಯದಿದ್ದರೆ ಪ್ರಶ್ನಿಸುವ ಹಕ್ಕು ನಮಗಿದೆ.

ದೌರ್ಜನ್ಯವೆಂದರೆ ಇದೊಂದೇ ಅಲ್ಲ. ಮೈಮೇಲೆ ಬಾಸುಂಡೆಗಳೊಂದಿಗೆ ಬರುವ ಮಗು, ಜ್ವರದಲ್ಲೂ ಔಷಧ ಕಾಣದ ಮಗು, ಓದು ಬಿಡಿಸಿ ದುಡಿಯಲು ಕಳುಹಿಸಲ್ಪಟ್ಟ ಮಗು ನಮ್ಮ ತರಗತಿಗಳಲ್ಲಿಯೇ ಇವೆ. ಮಕ್ಕಳನ್ನು ತಮ್ಮ ಸುಪರ್ದಿಯಲ್ಲಿಟ್ಟುಕೊಂಡು ಹಿಂಸಿಸುವುದನ್ನೂ ಉದ್ದೇಶಪೂರ್ವಕವಾಗಿ ಕಡೆಗಣಿಸುವುದನ್ನೂ 2015ರ ಬಾಲನ್ಯಾಯ ಕಾಯ್ದೆ ಶಿಕ್ಷಾರ್ಹಗೊಳಿಸಿದೆ. ಇಂತಹ ಮಕ್ಕಳ ವಿಷಯವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬಹುದು. ಆದರೆ ಇಲ್ಲಿ ಒಂದು ವಿವೇಕ ಬೇಕು. ಬಡತನ ಬೇರೆ, ನಿರ್ಲಕ್ಷ್ಯ ಬೇರೆ. ಹಸಿದು ಬರುವ ಮಗುವಿನ ವಿಧವೆ ತಾಯಿಗೆ ಬೇಕಾಗಿರುವುದು ದೂರಲ್ಲ, ಝಕಾತ್‌ನಲ್ಲಿ ಅವಳ ಪಾಲು. ಅದನ್ನು ತಲುಪಿಸದ ಜಮಾಅತ್ ಅವಳನ್ನು ಪ್ರಶ್ನಿಸುವ ಮೊದಲು ತನ್ನನ್ನು ಪ್ರಶ್ನಿಸಿಕೊಳ್ಳಲಿ.

ನಮ್ಮ ಶಾಲೆ ಮತ್ತು ಮದ್ರಸಗಳ ಆಡಳಿತ ಸಭೆಗಳಲ್ಲಿ ಕಟ್ಟಡದ ಚರ್ಚೆ ನಡೆಯುತ್ತದೆ, ಶುಲ್ಕದ ಚರ್ಚೆ ನಡೆಯುತ್ತದೆ, ವಾರ್ಷಿಕೋತ್ಸವದ ಅತಿಥಿ ಯಾರೆಂಬ ಚರ್ಚೆ ನಡೆಯುತ್ತದೆ. ಮುಂದಿನ ಸಭೆಯ ಪಟ್ಟಿಯಲ್ಲಿ ಮಕ್ಕಳ ಸುರಕ್ಷೆಯೂ ಒಂದು ವಿಷಯವಾಗಲಿ. ಮಗು ಹೇಳಿದ್ದನ್ನು ಪೊಲೀಸರಿಗೆ ತಿಳಿಸುವ ಆಯಾಳನ್ನೂ ಶಿಕ್ಷಕಿಯನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬ ಒಂದು ಸಾಲಿನ ನಿರ್ಣಯವನ್ನು ಬರೆದು ಅಧ್ಯಕ್ಷರು ಸಹಿ ಹಾಕಲಿ. ಖತೀಬರು ಒಂದು ಜುಮಾದ ಪ್ರವಚನವನ್ನು ಇದಕ್ಕೆ ಮೀಸಲಿಡಲಿ. ಹೆತ್ತವರು ಶಾಲೆಗೆ ಸೇರಿಸುವಾಗ ಫಲಿತಾಂಶ ಕೇಳುವಂತೆ ಇದನ್ನೂ ಕೇಳಲಿ: ನನ್ನ ಮಗು ನಿಮ್ಮಲ್ಲಿ ಯಾರ ಬಳಿಯಾದರೂ ಅತ್ತರೆ, ನೀವೇನು ಮಾಡುತ್ತೀರಿ?

ಮಕ್ಕಳು ಅಮಾನತ್ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಅಮಾನತ್ತಿನ ಲೆಕ್ಕ ಕೇಳುವ ದಿನ, ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೆ ಎಂಬ ಉತ್ತರ ಸಾಕಾದೀತೇ?